ನಾಯಿ ಎಲ್ಲಿ ಮಲಗುತ್ತದೆ? ಕುರಿಹಿಂಡಿನ ರಕ್ಷಣಾ ಯೋಜನೆ ಬರೆಯುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ತೋಳಗಳಿರುವ ಅಥವಾ ತೋಳಗಳು ಮರಳಿ ಬರುತ್ತಿರುವ ಸೀಮೆಗಳಲ್ಲಿ ಕುರಿಗಾಹಿಗಳ ನಷ್ಟ ತಗ್ಗಿಸುವ ಯೋಜನೆ ಬರೆಯುವವರು ನೀವು. ಅಂಥ ಕಡತದಲ್ಲಿ ಸಾಮಾನ್ಯವಾಗಿ ಮೂರು ಬಾಬ್ತುಗಳಿರುತ್ತವೆ: ಸತ್ತ ಕುರಿಗೆ ಪರಿಹಾರ, ಹಾವಳಿಯೆಬ್ಬಿಸಿದ ತೋಳಕ್ಕೆ ಗುಂಡು, ಕುರಿಗಾಹಿಗೆ ಕಾವಲು ನಾಯಿಮರಿ. ಮೂರರಲ್ಲಿ ಕೊನೆಯದೇ ಎಲ್ಲಕ್ಕಿಂತ ಸುಲಭವಾಗಿ ಕಾಣುತ್ತದೆ. ಇಷ್ಟು ಮರಿ ಖರೀದಿ, ಇಷ್ಟು ಮರಿ ವಿತರಣೆ, ಸಹಿ, ಫೋಟೊ. ಎರಡು ವರ್ಷ ಕಳೆದ ಮೇಲೆ ಅವುಗಳಲ್ಲಿ ಎಷ್ಟು ಇನ್ನೂ ಹಿಂಡಿನ ನಡುವೆ ಇವೆ ಎಂದು ಕೇಳುವ ಕಾಲಮ್ಮು ಮಾತ್ರ ಇರುವುದಿಲ್ಲ. ಅದಕ್ಕಾಗಿಯೇ ಈ ಪತ್ರ.

ಕಾವಲು ನಾಯಿ ಎಂದರೆ ತೋಳವನ್ನು ಕೊಲ್ಲುವ ನಾಯಿ ಎಂದುಕೊಂಡಲ್ಲಿಂದಲೇ ತಪ್ಪು ಶುರುವಾಗುತ್ತದೆ. ಹಾಗೆಂದುಕೊಂಡು ಕಾದಾಡುವ ನಾಯಿಯನ್ನೋ ಮನೆ ಕಾಯುವ ನಾಯಿಯನ್ನೋ ತಂದು ಹಿಂಡಿಗೆ ಬಿಟ್ಟರೆ ಅದು ಮೊದಲು ಕುರಿಯನ್ನೇ ಹರಿಯುತ್ತದೆ. ನಿಜವಾದ ಕಾವಲು ನಾಯಿ ಹೆಚ್ಚಿನ ದಿನಗಳಲ್ಲಿ ಯಾರ ಜೊತೆಗೂ ಕಾದಾಡುವುದಿಲ್ಲ. ತೋಳ ಲೆಕ್ಕಾಚಾರದ ಪ್ರಾಣಿ. ಕಾಲಿಗೋ ದವಡೆಗೋ ಪೆಟ್ಟಾದರೆ ಬೇಟೆ ನಿಂತಿತು, ಬೇಟೆ ನಿಂತರೆ ಉಪವಾಸ. ಕುರಿಗೂ ತನಗೂ ನಡುವೆ 40-50 ಕಿಲೊ ತೂಕದ ನಾಯಿಯೊಂದು ಬೊಗಳುತ್ತ, ಮೂಸುತ್ತ, ಅಡ್ಡಡ್ಡ ಬರುತ್ತ ನಿಂತರೆ ತೋಳದ ಪಾಲಿಗೆ ಆ ಕುರಿ ದುಬಾರಿಯಾಗುತ್ತದೆ. ನಾಯಿ ಮಾಡುವ ಕೆಲಸ ಅಷ್ಟೇ, ತೋಳದ ಗಮನ ಕೆಡಿಸುವುದು. ಅದು ಕೊಲ್ಲಬೇಕಾಗಿಲ್ಲ. ಆದರೆ ಅದು ಅಲ್ಲಿ ಇರಬೇಕು, ರಾತ್ರಿ ಹಗಲೆನ್ನದೆ ಇರಬೇಕು.

ಆಸ್ಟ್ರೇಲಿಯಾದ ವಾರ್ನಂಬೂಲ್ ಬಳಿಯ ಮಿಡ್ಲ್ ಐಲೆಂಡ್ ಎಂಬ ಪುಟ್ಟ ದ್ವೀಪದಲ್ಲಿ ಇದು ತೀರಾ ಸ್ಪಷ್ಟವಾಗಿ ಕಂಡಿದೆ. ನೂರಾರು ಪುಟ್ಟ ಪೆಂಗ್ವಿನ್‌ಗಳಿದ್ದ ಜಾಗದಲ್ಲಿ ನರಿಗಳ ಕಾಟದಿಂದ ಹತ್ತೂ ಉಳಿದಿರಲಿಲ್ಲ. 2006ರಲ್ಲಿ ಹಿಂಡು ಕಾಯುವ ಮರೆಮ್ಮಾ ತಳಿಯ ನಾಯಿಗಳನ್ನು ಕಾವಲಿಗೆ ಇಟ್ಟ ಮೇಲೆ ಸಂಖ್ಯೆ ಚೇತರಿಸಿತು. 2017ರಲ್ಲಿ ನಾಯಿಗಳು ದ್ವೀಪದಲ್ಲಿ ಇಲ್ಲದ ಹೊತ್ತು ನೋಡಿ ನುಗ್ಗಿದ ನರಿ ಮತ್ತೆ ಹಕ್ಕಿಗಳನ್ನು ಕೊಂದು ಹಾಕಿತು. ಹಿಂಡು ಬೆಟ್ಟದಲ್ಲಿದ್ದು ನಾಯಿ ಮನೆಯ ಜಗಲಿಯಲ್ಲಿ ಮಲಗಿದ್ದರೂ ಆಗುವುದು ಇದೇ.

ಹಾಗಾದರೆ ಆ ನಾಯಿ ಕುರಿಯನ್ನು ಏಕೆ ತಿನ್ನುವುದಿಲ್ಲ? ತೋಳದ ಬೇಟೆಗೆ ಒಂದು ಕ್ರಮವಿದೆ: ಗುರುತಿಸುವುದು, ದಿಟ್ಟಿಸುವುದು, ಹೊಂಚುವುದು, ಅಟ್ಟುವುದು, ಹಿಡಿಯುವುದು, ಕೊಲ್ಲುವುದು, ಸೀಳುವುದು. ಮನುಷ್ಯರು ಸಾವಿರಾರು ವರ್ಷ ನಾಯಿಗಳನ್ನು ಆರಿಸಿ ಆರಿಸಿ ಬೆಳೆಸಿದಾಗ ಈ ಸರಪಳಿಯ ಕೊಂಡಿಗಳನ್ನೇ ಹಿಗ್ಗಿಸಿದ್ದಾರೆ, ಕುಗ್ಗಿಸಿದ್ದಾರೆ. ಬಾರ್ಡರ್ ಕಾಲಿಯಂಥ ಮಂದೆ ಅಟ್ಟುವ ನಾಯಿಯಲ್ಲಿ ದಿಟ್ಟಿಸುವ, ಹೊಂಚುವ, ಅಟ್ಟುವ ಕೊಂಡಿಗಳು ಉಬ್ಬಿವೆ, ಕೊಲ್ಲುವ ಕೊಂಡಿ ಕುಗ್ಗಿದೆ. ಪಾಯಿಂಟರ್ ಗುರುತಿಸಿ ನಿಲ್ಲುತ್ತದೆ. ರಿಟ್ರೀವರ್ ಹಲ್ಲೂರದೆ ಹಿಡಿದು ತರುತ್ತದೆ. ಹಿಂಡು ಕಾಯುವ ತಳಿಗಳಲ್ಲಿ, ಅಂದರೆ ಮರೆಮ್ಮಾ, ಕಂಗಾಲ್, ಅಕ್ಬಾಷ್, ಪಿರನೀಸ್ ನಾಯಿ, ಟಿಬೆಟನ್ ಮಾಸ್ಟಿಫ್ ಮುಂತಾದವುಗಳಲ್ಲಿ, ಇಡೀ ಸರಪಳಿಯೇ ಸಡಿಲ. ಕುರಿಗೂ ಇದು ತಿಳಿಯುತ್ತದೆ. ಅಟ್ಟುವ ನಾಯಿ ತಲೆ ತಗ್ಗಿಸಿ ದಿಟ್ಟಿಸಿದರೆ ಹಿಂಡು ಓಡುತ್ತದೆ, ಏಕೆಂದರೆ ಆ ನೋಟ ತೋಳದ್ದು. ಕಾವಲು ನಾಯಿ ಜೋಲುಕಿವಿ ಆಡಿಸುತ್ತ ನಿಧಾನವಾಗಿ ನಡೆದು ಬಂದರೆ ಕುರಿ ಮೇಯುವುದನ್ನೂ ನಿಲ್ಲಿಸುವುದಿಲ್ಲ. ಒಂದೇ ನಾಯಿಯಿಂದ ಎರಡೂ ಕೆಲಸ ಮಾಡಿಸುತ್ತೇವೆ ಎನ್ನುವ ಟೆಂಡರುಗಳನ್ನು ದಯವಿಟ್ಟು ತಿರಸ್ಕರಿಸಿ.

ತಳಿ ಅರ್ಧ ಕೆಲಸ. ಉಳಿದರ್ಧ ಮೊದಲ ನಾಲ್ಕು ತಿಂಗಳಲ್ಲಿ ಆಗುತ್ತದೆ, ನಿಮ್ಮ ಯೋಜನೆಗಳು ಮುಗ್ಗರಿಸುವುದೂ ಅಲ್ಲೇ. ನಾಯಿಮರಿಗೆ ಸುಮಾರು 3ನೇ ವಾರದಿಂದ 12-14ನೇ ವಾರದವರೆಗೆ ಒಂದು ಬಾಗಿಲು ತೆರೆದಿರುತ್ತದೆ. ಆ ಅವಧಿಯಲ್ಲಿ ಯಾರ ವಾಸನೆ, ಯಾರ ಮೈಶಾಖ, ಯಾರ ಸದ್ದು ಅದರ ಸುತ್ತ ಇರುತ್ತದೋ ಅವರೇ ಅದರ ಪಾಲಿಗೆ ತನ್ನವರು. ಕುರಿಗಳ ನಡುವೆ ಕಳೆದರೆ ಕುರಿಗಳು ತನ್ನವು. ಪಟ್ಟಣದ ಕೆನಲಿನ ಸಿಮೆಂಟ್ ನೆಲದ ಮೇಲೆ ಕಳೆದು, ಐದನೇ ತಿಂಗಳಲ್ಲಿ ಲಾರಿ ಹತ್ತಿ ಬಂದ ಮರಿಗೆ ಕುರಿ ಒಂದು ವಿಚಿತ್ರ ಪ್ರಾಣಿ, ಅದೂ ಅಟ್ಟಿದರೆ ಓಡುವ ಪ್ರಾಣಿ. ಬಾಗಿಲು ಮುಚ್ಚಿದ ಮೇಲೆ ಯಾವ ತರಬೇತುದಾರನೂ ಅದನ್ನು ಪೂರ್ತಿ ತೆರೆಯಲಾರ. (ತೋಳದ ಮರಿಯಲ್ಲಿ ಈ ಬಾಗಿಲು ಎರಡನೇ ವಾರಕ್ಕೇ ತೆರೆದು ಬೇಗ ಮುಚ್ಚುತ್ತದೆ, ಅದಿನ್ನೂ ಕಣ್ಣು ಕಿವಿ ಸರಿಯಾಗಿ ತೆರೆದಿರದ ಕಾಲ. ಎಷ್ಟೇ ಪ್ರೀತಿಯಿಂದ ಸಾಕಿದರೂ ತೋಳ ನಾಯಿಯಾಗದಿರುವುದಕ್ಕೆ ಇದೂ ಒಂದು ಕಾರಣ.)

ಆದ್ದರಿಂದ ಮರಿ ಸಾಧ್ಯವಾದಷ್ಟು ಕುರಿದೊಡ್ಡಿಯಲ್ಲೇ, ಕೆಲಸ ಮಾಡುವ ತಾಯಿಗೇ ಹುಟ್ಟಿರಬೇಕು. 7-8 ವಾರಕ್ಕೆ ತಾಯಿಯಿಂದ ಬಿಡಿಸಿ ನೇರ ಹೊಸ ಹಿಂಡಿನ ದೊಡ್ಡಿಗೆ ತರಬೇಕು. ಇಡೀ ಹಿಂಡಿನೊಳಗೆ ಅಲ್ಲ, ನಾಲ್ಕಾರು ಸಾಧು ಕುರಿಗಳಿರುವ ಚಿಕ್ಕ ಆವರಣಕ್ಕೆ. ಹಾಯುವ ಟಗರನ್ನು, ಎಳೆಮರಿ ಇರುವ ತಾಯಿಕುರಿಯನ್ನು ಅಲ್ಲಿ ಇಡಬಾರದು. ಮೊದಲ ವಾರದಲ್ಲೇ ಗುಮ್ಮಿಸಿಕೊಂಡ ಮರಿ ಕುರಿಯೆಂದರೆ ದೂರ ಸರಿಯಲು ಕಲಿಯುತ್ತದೆ. ಆವರಣದ ಒಂದು ಮೂಲೆಗೆ ಹಲಗೆ ಬಡಿದು, ಮರಿ ಮಾತ್ರ ನುಸುಳುವಷ್ಟು, ಸುಮಾರು 25-30 ಸೆಂಟಿಮೀಟರ್ ಎತ್ತರದ ಕಿಂಡಿ ಬಿಡಬೇಕು. ನಾಯಿಯ ಊಟ, ನೀರು, ಹಾಸಿಗೆ ಆ ಮೂಲೆಯೊಳಗೆ. ಈ ಕಿಂಡಿಯನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ, ಆದರೆ ಅದಿಲ್ಲದಿದ್ದರೆ ಕುರಿಗಳು ನಾಯಿಯ ಊಟಕ್ಕೆ ಬಾಯಿ ಹಾಕುತ್ತವೆ, ಮರಿ ತಟ್ಟೆ ಕಾಯುತ್ತ ಕುರಿಗೆ ಹಲ್ಲು ತೋರಿಸಲು ಕಲಿಯುತ್ತದೆ. ಬಟ್ಟಲು ಕಾಯುವ ನಾಯಿ ಹಿಂಡು ಕಾಯುವುದಿಲ್ಲ.

ಒಡಹುಟ್ಟಿದ ಎರಡು ಮರಿಗಳನ್ನು ಒಂದೇ ಆವರಣಕ್ಕೆ ಕೊಡಬೇಡಿ. ಅವು ಒಂದಕ್ಕೊಂದು ಅಂಟಿಕೊಂಡು ಕುರಿಗಳನ್ನು ಮರೆಯುತ್ತವೆ, ಆರನೇ ತಿಂಗಳಿಗೆ ಕೂಡಿಕೊಂಡು ಕುರಿ ಅಟ್ಟುತ್ತವೆ. ಒಂದು ಮರಿಗೆ ಒಬ್ಬ ಗುರು, ಅಂದರೆ ಅದೇ ಹಿಂಡಿನ ಅನುಭವಿ ನಾಯಿ ಸಿಕ್ಕರೆ ಅದಕ್ಕಿಂತ ಒಳ್ಳೆಯ ಪಾಠಶಾಲೆಯಿಲ್ಲ.

ಮನುಷ್ಯರು ಮರಿಯನ್ನು ಮುಟ್ಟಲೇಬಾರದು ಎಂಬ ಹಳೆಯ ಸಲಹೆ ಈಗಲೂ ಕೈಪಿಡಿಗಳಲ್ಲಿ ಓಡಾಡುತ್ತಿದೆ. ಅದನ್ನು ತೆಗೆದುಹಾಕಿ. ಮುಟ್ಟದೆ ಬೆಳೆಸಿದ ನಾಯಿಗೆ ಸೂಜಿ ಚುಚ್ಚಲಾಗದು, ಕಾಲಿಗೆ ಮುಳ್ಳು ಹೊಕ್ಕರೆ ಕೀಳಲಾಗದು, ದಾರಿಹೋಕರನ್ನು ಅದು ಕಚ್ಚಿದರೆ ಆಶ್ಚರ್ಯವೂ ಇಲ್ಲ. ದಿನಕ್ಕೆ ಎರಡು ಸಲ ಕುರಿಗಾಹಿ ದೊಡ್ಡಿಯೊಳಗೇ ಕೂತು ಮರಿಯ ಬಾಯಿ, ಕಿವಿ, ಪಾದ ಮುಟ್ಟಿ ನೋಡಬೇಕು. ಕೊರಳಪಟ್ಟಿ, ಹಗ್ಗ, ಗಾಡಿಯ ಪ್ರಯಾಣ, ಅಪರಿಚಿತರ ಧ್ವನಿ, ಕರೆದರೆ ಬರುವುದು ಇಷ್ಟೂ ನಾಲ್ಕು ತಿಂಗಳೊಳಗೆ ರೂಢಿಯಾಗಬೇಕು. ಮುದ್ದು ಮಾಡುವುದಾದರೆ ಕುರಿಗಳ ನಡುವೆಯೇ ಮಾಡಿ. ಮನೆಯಂಗಳಕ್ಕೆ ಕರೆದೊಯ್ದು ಮಾಡಿದರೆ ಅದು ಅಂಗಳದ ನಾಯಿಯಾಗುತ್ತದೆ.

5ರಿಂದ 14 ತಿಂಗಳ ನಡುವಿನದು ಹದಿಹರೆಯ. ಹೆಚ್ಚಿನ ನಾಯಿಗಳನ್ನು ಕಳೆದುಕೊಳ್ಳುವುದು ಈ ಹಂತದಲ್ಲೇ. ನಿನ್ನೆಯವರೆಗೆ ಸಾಧುವಾಗಿದ್ದ ನಾಯಿ ಇವತ್ತು ಕುರಿಮರಿಯ ಕಿವಿ ಕಡಿಯುತ್ತದೆ, ತುಪ್ಪಟ ಹಿಡಿದು ಎಳೆಯುತ್ತದೆ, ಬಾಲ ಜಗಿಯುತ್ತದೆ. ಇದು ಕ್ರೌರ್ಯವಲ್ಲ, ಆಟ. ಆದರೆ ಓಡುವ ಕುರಿಮರಿಯೇ ಆ ಆಟಕ್ಕೆ ಬಹುಮಾನವಾದ್ದರಿಂದ ತಡೆಯದಿದ್ದರೆ ಚಟವಾಗುತ್ತದೆ. ಗದರುವುದಾದರೆ ಆ ಕ್ಷಣದಲ್ಲೇ ಗದರಬೇಕು, ಐದು ನಿಮಿಷದ ನಂತರದ ಗದರಿಕೆ ನಾಯಿಗೆ ಅರ್ಥವಾಗದು. ಕುರಿಮರಿಗಳಿಂದ ಬೇರ್ಪಡಿಸಿ, ಓಡದೆ ತಿರುಗಿ ನಿಲ್ಲುವ ದೊಡ್ಡ ಕುರಿಗಳ ಜೊತೆ ಬಿಡಬೇಕು. ಕೆಲವರು ಕೊರಳಪಟ್ಟಿಯಿಂದ ಮೊಣಕಾಲಿನ ಮಟ್ಟಕ್ಕೆ ಮರದ ತುಂಡೊಂದನ್ನು ತೂಗಿಬಿಡುತ್ತಾರೆ. ನಡೆಯಲು ಅಡ್ಡಿಯಿಲ್ಲ, ಓಡಿದರೆ ಕಾಲಿಗೆ ಬಡಿಯುತ್ತದೆ. ಕೆಲವು ವಾರಗಳ ಮಟ್ಟಿಗೆ ಇದು ಸರಿ, ಚರ್ಮ ಹುಣ್ಣಾಗಿದೆಯೇ ಎಂದು ದಿನವೂ ನೋಡಬೇಕು. ಸರಪಳಿ ಬಿಗಿದು ಕಟ್ಟಿಹಾಕುವುದು ಮಾತ್ರ ಪರಿಹಾರವಲ್ಲ. ಕಟ್ಟಿದ ನಾಯಿ ಕಾಯುವುದೂ ಇಲ್ಲ, ಕಲಿಯುವುದೂ ಇಲ್ಲ.

ಇಲ್ಲಿ ತೋಳದ ಹೆಸರಲ್ಲಿ ನಡೆಯುವ ಒಂದು ಅನ್ಯಾಯವನ್ನು ಹೇಳಬೇಕು. ‘ಗುಂಪಿನ ಯಜಮಾನ ನೀನೇ ಎಂದು ನಾಯಿಗೆ ತೋರಿಸು, ಮಗುಚಿ ಮಲಗಿಸಿ ಅದುಮು’ ಎಂಬ ಪಾಠ ಬಂದದ್ದು ಸೆರೆಯ ತೋಳಗಳನ್ನು ನೋಡಿ. ಪ್ರಾಣಿವರ್ತನೆಯ ಸಂಶೋಧಕ ರುಡಾಲ್ಫ್ ಶೆಂಕೆಲ್ 1947ರಲ್ಲಿ ಪ್ರಕಟಿಸಿದ ಅಧ್ಯಯನ ಮೃಗಾಲಯದ ಆವರಣದಲ್ಲಿ ಕೂಡಿಹಾಕಿದ ತೋಳಗಳದ್ದು. ತೋಳಗಳ ಸಂಶೋಧಕ ಡೇವಿಡ್ ಮೆಕ್ ಕಾಡಿನ ತೋಳಗಳನ್ನು ವರ್ಷಗಟ್ಟಲೆ ನೋಡಿ 1999ರಲ್ಲಿ ಬರೆದದ್ದು ಬೇರೆಯೇ: ತೋಳದ ಗುಂಪೆಂದರೆ ಬಹುಮಟ್ಟಿಗೆ ತಂದೆ, ತಾಯಿ, ಅವರ ಮಕ್ಕಳು. ಯಜಮಾನಿಕೆಗೆ ಅಲ್ಲಿ ದಿನನಿತ್ಯದ ಕುಸ್ತಿಯಿಲ್ಲ. ತೋಳದ ಬಗ್ಗೆಯೇ ಸುಳ್ಳಾದ ಮಾತನ್ನು ನಾಯಿಯ ಬೆನ್ನಿನ ಮೇಲೆ ಹೊಡೆದು ರುಜುವಾತು ಮಾಡುತ್ತಿದ್ದೇವೆ. ಕಾವಲು ನಾಯಿ ತಾನೇ ನಿರ್ಧರಿಸಿ ಕೆಲಸ ಮಾಡಬೇಕಾದ ಪ್ರಾಣಿ, ಕತ್ತಲಲ್ಲಿ ಅಪ್ಪಣೆ ಕೊಡುವವರು ಯಾರೂ ಇರುವುದಿಲ್ಲ. ಹೊಡೆದು ಬಗ್ಗಿಸಿದ ನಾಯಿ ಅಂಥ ಹೊತ್ತಿನಲ್ಲಿ ಹಿಂಜರಿಯುತ್ತದೆ.

ಒಂದೂವರೆಯಿಂದ ಎರಡು ವರ್ಷವಾಗುವವರೆಗೆ ನಾಯಿಯನ್ನು ಪೂರ್ತಿ ನಂಬಿ ಒಂಟಿಯಾಗಿ ಬಿಡಬಾರದು. ಮೊದಲ ಸಲ ಕುರಿಗಳು ಮರಿ ಹಾಕುವ ಕಾಲದಲ್ಲಿ ಯಾರಾದರೂ ಹತ್ತಿರವಿರಲಿ. ನಾಯಿ ಕುರಿಯ ಮಾಸನ್ನು ತಿನ್ನುತ್ತದೆ, ಎಳೆಮರಿಯನ್ನು ನೆಕ್ಕುತ್ತದೆ, ಸತ್ತು ಹುಟ್ಟಿದ ಮರಿಯ ಬಳಿ ಮೂತಿಗೆ ರಕ್ತ ಹತ್ತಿಸಿಕೊಂಡು ನಿಂತಿರುತ್ತದೆ. ಅದನ್ನು ಕಂಡು ‘ಇದೇ ಕೊಂದಿತು’ ಎಂದು ಒಳ್ಳೆಯ ನಾಯಿಗೆ ಗುಂಡಿಕ್ಕಿದವರಿದ್ದಾರೆ.

ಹಿಂಡಿಗೆ ಒಂದೇ ನಾಯಿ ಸಾಲದು. ತೋಳಗಳು ಕೂಡಿ ಬರುತ್ತವೆ, ಒಂದು ನಾಯಿಯನ್ನು ಆಚೆ ಸೆಳೆದು ಇನ್ನೊಂದು ಕಡೆಯಿಂದ ನುಗ್ಗಬಲ್ಲವು, ಒಂಟಿ ನಾಯಿಯನ್ನು ಕೊಲ್ಲಲೂಬಲ್ಲವು. ಚಿಕ್ಕ ಹಿಂಡಿಗೂ ಕನಿಷ್ಠ ಎರಡು, ಪೊದೆ ಹಳ್ಳಗಳಿರುವ ಜಾಗದಲ್ಲಿ ಚದುರಿ ಮೇಯುವ ದೊಡ್ಡ ಹಿಂಡಿಗೆ ನಾಲ್ಕೈದು ಬೇಕು. ಕೊರಳಿಗೆ ಮೊಳೆಗಳಿರುವ ದಪ್ಪ ಪಟ್ಟಿ ಹಾಕಿದರೆ ಗಂಟಲು ಉಳಿಯುತ್ತದೆ. ರೋಮನ್ನರ ಕಾಲದ ಕುರಿಗಾಹಿಗಳಿಗೂ ಇದು ಗೊತ್ತಿತ್ತು. ಕುರಿ ಕಾಯುವ ನಾಯಿ ಬಿಳಿಯದಾಗಿರಲಿ, ಮಬ್ಬುಗತ್ತಲಲ್ಲಿ ತೋಳವೆಂದು ಅದನ್ನೇ ಹೊಡೆಯದಂತಿರಲಿ ಎಂದು ಸುಮಾರು 2,000 ವರ್ಷಗಳ ಹಿಂದೆಯೇ ರೋಮಿನ ಕೃಷಿ ಲೇಖಕ ಕೊಲುಮೆಲ್ಲ ಬರೆದಿದ್ದ.

ಔಷಧದ ವಿಷಯ ಚಿಕ್ಕದು, ಆದರೆ ಬಿಟ್ಟರೆ ಯೋಜನೆಯೇ ಊರಿಗೆ ಕಾಯಿಲೆ ಹರಡುತ್ತದೆ. ಡಿಸ್ಟೆಂಪರ್ ಮತ್ತು ಪಾರ್ವೊ ಎಂಬ, ನಾಯಿಮರಿಗಳನ್ನು ಕೊಲ್ಲುವ ಸೋಂಕುರೋಗಗಳ ಲಸಿಕೆ 6-8 ವಾರಕ್ಕೆ ಶುರುವಾಗಿ 3-4 ವಾರಕ್ಕೊಮ್ಮೆ 16 ವಾರದವರೆಗೆ, ರೇಬೀಸ್ ಲಸಿಕೆ 12 ವಾರ ತುಂಬಿದ ಮೇಲೆ, ಮತ್ತೆ ವರ್ಷಕ್ಕೆ. ಇದು ತೋಳಗಳಿಗಾಗಿಯೂ ಬೇಕು, ಈ ಮೂರೂ ರೋಗಗಳು ನಾಯಿಯಿಂದ ಅವಕ್ಕೂ ದಾಟುತ್ತವೆ. ಇನ್ನು ಲಾಡಿಹುಳು. ಸತ್ತ ಕುರಿಯ ಹಸಿ ಶ್ವಾಸಕೋಶ, ಪಿತ್ತಜನಕಾಂಗ, ಮಿದುಳನ್ನು ನಾಯಿಗೆ ಹಾಕಿದರೆ ಅದರ ಕರುಳಲ್ಲಿ ಹುಳು ಬೆಳೆದು, ಮೊಟ್ಟೆ ಮಲದ ಮೂಲಕ ಹುಲ್ಲಿಗೆ ಬಂದು ಮತ್ತೆ ಕುರಿಗೆ ಸೇರುತ್ತದೆ. ಒಂದು ಬಗೆಯ ಹುಳು ಕುರಿಯ ಮಿದುಳಲ್ಲಿ ಗುಳ್ಳೆ ಕಟ್ಟಿ ಅದನ್ನು ಸುತ್ತಿ ಸುತ್ತಿ ಬೀಳಿಸುತ್ತದೆ. ಇನ್ನೊಂದು ಬಗೆಯದು ಮನುಷ್ಯರ ಪಿತ್ತಜನಕಾಂಗದಲ್ಲೇ ನೀರುಗಂಟು ಕಟ್ಟುತ್ತದೆ. ನಾಯಿ ಮಾತ್ರ ಆರೋಗ್ಯವಾಗಿಯೇ ಕಾಣುತ್ತದೆ. ಒಳಾಂಗ ಹಾಕಲೇಬೇಕೆಂದಿದ್ದರೆ ಮುಕ್ಕಾಲು ಗಂಟೆ ಕುದಿಸಿ ಹಾಕಲಿ. ರೋಗವಿರುವ ಸೀಮೆಯಲ್ಲಿ 6 ವಾರಕ್ಕೊಮ್ಮೆ ಪ್ರಾಜಿಕ್ವಾಂಟೆಲ್ ಎಂಬ ಲಾಡಿಹುಳುವಿನ ಔಷಧ ಕೊಡಲಿ. ಕುರಿಗೆಂದು ತಂದ ಹುಳುವಿನ ಔಷಧ ಐವರ್‌ಮೆಕ್ಟಿನ್ನನ್ನು ಅಂದಾಜಿನಲ್ಲಿ ನಾಯಿಗೂ ಕುಡಿಸುವುದು ಅಪಾಯ, ಕಾಲಿ ತಳಿಯ ರಕ್ತವಿರುವ ನಾಯಿಗಳಿಗಂತೂ ಪ್ರಾಣಾಂತಿಕವಾಗಬಹುದು. ಬೆದೆಯ ಕಾಲದಲ್ಲಿ ನಾಯಿ ಹಿಂಡು ಬಿಟ್ಟು ಅಲೆಯುತ್ತದೆ, ತೋಳದೊಡನೆ ಕೂಡಿ ಮಿಶ್ರತಳಿಯ ಮರಿಯೂ ಆಗಬಹುದು. ತಳಿಗೆಂದು ಆರಿಸದ ನಾಯಿಗಳಿಗೆ ಮೈ ಪೂರ್ತಿ ಬಲಿತ ಮೇಲೆ ಸಂತಾನಹರಣ ಮಾಡಿಸಿ.

ಇನ್ನು ಪರಿಹಾರದ ಬಾಬ್ತು. ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು ಎನ್ನುತ್ತಾರೆ. ಕುರಿ ಸತ್ತ ಜಾಗದಲ್ಲೂ ಅದೇ ನಡೆಯುತ್ತದೆ. ಪಂಚನಾಮೆ ಬರೆಯುವವರಿಗೆ ಕಳೇಬರದ ಚರ್ಮ ಸುಲಿದು ನೋಡುವುದನ್ನು ಕಲಿಸಿ. ಕಚ್ಚಿದ ಜಾಗದ ಸುತ್ತ ಚರ್ಮದಡಿ ರಕ್ತ ಹೆಪ್ಪುಗಟ್ಟಿದ್ದರೆ ಕಚ್ಚಿದಾಗ ಕುರಿಗೆ ಜೀವವಿತ್ತು ಎಂದರ್ಥ. ರಕ್ತವಿಲ್ಲದ ಹಲ್ಲಿನ ಗುರುತಾದರೆ ಕುರಿ ಬೇರೆ ಕಾರಣಕ್ಕೆ ಸತ್ತಿದೆ, ಪ್ರಾಣಿ ಆಮೇಲೆ ಬಂದು ತಿಂದಿದೆ. ಅನುಭವಿ ತೋಳ ಸಾಮಾನ್ಯವಾಗಿ ಗಂಟಲಿಗೆ ಆಳವಾಗಿ ಕಚ್ಚುತ್ತದೆ, ಚೆನ್ನಾಗಿ ತಿನ್ನುತ್ತದೆ. ಬಿಡಾಡಿ ನಾಯಿಗಳ ದಾಳಿಯಲ್ಲಿ ತೊಡೆ, ಕಿವಿ, ಮೂತಿ, ಪಕ್ಕೆ ಎಲ್ಲೆಂದರಲ್ಲಿ ಕಡಿತ, ಹತ್ತಾರು ಕುರಿಗೆ ಗಾಯ, ತಿಂದದ್ದು ಕಡಿಮೆ. ಆದರೂ ದೊಡ್ಡ ನಾಯಿಯ ಹಲ್ಲೂ ಮರಿತೋಳದ ಹಲ್ಲೂ ಬೇರ್ಪಡಿಸಲಾಗದಷ್ಟು ಹೋಲುತ್ತವೆ. ಅನುಮಾನವಿದ್ದಲ್ಲಿ ಗಾಯದ ಅಂಚಿನಿಂದ ಜೊಲ್ಲಿನ ಮಾದರಿ ತೆಗೆದು ಡಿಎನ್‌ಎ ಪರೀಕ್ಷೆಗೆ ಕಳಿಸಿ, ಕಳೇಬರವನ್ನು ಮಳೆ ಮತ್ತು ಹದ್ದುಗಳಿಂದ ಮುಚ್ಚಿಟ್ಟರೆ ಮಾತ್ರ ಮಾದರಿ ಉಳಿಯುತ್ತದೆ. ನಾಯಿ ಕೊಂದಾಗ ಪರಿಹಾರವಿಲ್ಲ, ತೋಳ ಕೊಂದರೆ ಉಂಟು ಎಂಬ ನಿಯಮ ಮಾಡಿದರೆ ಎಲ್ಲ ಕುರಿಯೂ ತೋಳಕ್ಕೇ ಬಲಿಯಾಗುತ್ತದೆ. ಕುರಿಗಾಹಿಯನ್ನು ಸುಳ್ಳಿಗೆ ತಳ್ಳುವುದು ಆ ನಿಯಮ, ಅವನ ಸ್ವಭಾವವಲ್ಲ.

ಎರಡು ಪ್ರಾಣಿಗಳ ಬಗ್ಗೆ ನಮ್ಮ ತೂಕದ ಕಲ್ಲುಗಳೇ ಬೇರೆ ಬೇರೆ. ಮನುಷ್ಯರಿಗೆ ತಗಲುವ ರೇಬೀಸಿನಲ್ಲಿ ನೂರಕ್ಕೆ 99ರಷ್ಟು ಬರುವುದು ನಾಯಿಯಿಂದ, ಆದರೂ ಭಯಕ್ಕೆ ಹೆಸರು ತೋಳದ್ದು. ಜರ್ಮನಿಯ ಬಾನ್-ಒಬರ್‌ಕಾಸೆಲ್‌ನಲ್ಲಿ 1914ರಲ್ಲಿ ಸಿಕ್ಕ, ಸುಮಾರು 14,000 ವರ್ಷ ಹಳೆಯ ಸಮಾಧಿಯಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸಿನ ಜೊತೆ ಮಲಗಿರುವ ಎಳೆಯ ನಾಯಿಯ ಹಲ್ಲುಗಳಲ್ಲಿ ಡಿಸ್ಟೆಂಪರ್ ಕಾಯಿಲೆಯ ಗುರುತಿದೆ. ಯಾರದೋ ಆರೈಕೆಯಿಲ್ಲದೆ ಅದು ಅಷ್ಟು ದಿನ ಬದುಕಿರಲು ಸಾಧ್ಯವಿರಲಿಲ್ಲ ಎಂದು ಪರಿಶೀಲಿಸಿದವರು ಹೇಳುತ್ತಾರೆ. ಕುರಿಯನ್ನು ಪಳಗಿಸುವುದಕ್ಕೂ ಎಷ್ಟೋ ಮೊದಲಿನ ಮಾತು ಅದು. ಅದೇ ಮನುಷ್ಯಕುಲ ಜಪಾನಿನ ಹೊನ್ಶು ದ್ವೀಪದ ತೋಳವನ್ನು 1905ರ ಹೊತ್ತಿಗೆ ಇಲ್ಲವಾಗಿಸಿತು, ಅಮೆರಿಕದ ರಾಷ್ಟ್ರೀಯ ಉದ್ಯಾನ ಯೆಲ್ಲೊಸ್ಟೋನ್‌ನಲ್ಲಿ 1926ಕ್ಕೆ ಕೊನೆಯ ತೋಳಗಳನ್ನು ಕೊಂದು 1995ರಲ್ಲಿ ಕೆನಡಾದಿಂದ ತಂದು ಬಿಟ್ಟಿತು.

ತೋಳ ಹೋದಲ್ಲಿ ನಾಯಿಯ ವಿದ್ಯೆಯೂ ಹೋಗುತ್ತದೆ. ಯೋಜನೆ ಬರೆಯುವವರು ಇದನ್ನು ಮರೆಯಬಾರದು. ಇಟಲಿಯ ಅಬ್ರುಝೊ ಬೆಟ್ಟಗಳಲ್ಲಿ ತೋಳ ಎಂದೂ ಪೂರ್ತಿ ಅಳಿಯಲಿಲ್ಲ. ಅಲ್ಲಿ ಬಿಳಿ ನಾಯಿಗಳನ್ನು ದೊಡ್ಡಿಯಲ್ಲೇ ಹುಟ್ಟಿಸಿ ಬೆಳೆಸುವ ಪದ್ಧತಿಯೂ ಉಳಿಯಿತು. ಫ್ರಾನ್ಸಿನ ಆಲ್ಪ್ಸ್ ಬೆಟ್ಟಗಳ ಮೆರ್ಕಾಂತೂರ್ ರಾಷ್ಟ್ರೀಯ ಉದ್ಯಾನಕ್ಕೆ ತೋಳ ಮರಳಿದ್ದು 1992ರಲ್ಲಿ. ಅಷ್ಟರೊಳಗೆ ಆಲ್ಪ್ಸ್‌ನ ಕುರಿಗಾಹಿಗಳ ಹಲವು ತಲೆಮಾರು ಕಾವಲು ನಾಯಿಯಿಲ್ಲದೆ ಕಳೆದಿತ್ತು, ಎಲ್ಲವನ್ನೂ ಮೊದಲಿನಿಂದ ಕಲಿಯಬೇಕಾಯಿತು. ನಮೀಬಿಯಾದಲ್ಲಿ 1994ರಿಂದ ಚೀತಾ ಸಂರಕ್ಷಣಾ ನಿಧಿ ಅನಟೋಲಿಯನ್ ಎಂಬ ಟರ್ಕಿ ಮೂಲದ ಕಾವಲು ನಾಯಿಗಳನ್ನು ಸಾಕಣೆದಾರರಿಗೆ ಕೊಡುತ್ತ ಬಂದಿದೆ. ಅದು ಮರಿ ಕೊಟ್ಟು ಕೈ ತೊಳೆದುಕೊಳ್ಳುವುದಿಲ್ಲ. ಕೊಟ್ಟ ಮೇಲೂ ಹೋಗಿ ನೋಡುತ್ತದೆ, ಸರಿಯಾಗಿ ನೋಡಿಕೊಳ್ಳದವರಿಂದ ನಾಯಿಯನ್ನು ವಾಪಸು ಪಡೆಯುತ್ತದೆ.

ನಾಯಿಯೊಂದೇ ಸಾಲದ ರಾತ್ರಿಗಳಿಗೆ ಬೇಲಿ ಬೇಕು. ತೋಳ ಬೇಲಿ ಹಾರುವುದಕ್ಕಿಂತ ಅಡಿಯಲ್ಲಿ ನುಸುಳಲು, ತೋಡಲು ನೋಡುತ್ತದೆ. ಆದ್ದರಿಂದ ವಿದ್ಯುತ್ ಬೇಲಿಯ ಕೆಳತಂತಿ ನೆಲದಿಂದ 20 ಸೆಂಟಿಮೀಟರ್ ಮೀರಬಾರದು, ಒಟ್ಟು ಐದು ತಂತಿ, 120 ಸೆಂಟಿಮೀಟರ್ ಎತ್ತರ, 4,500 ವೋಲ್ಟಿಗೆ ಕಡಿಮೆಯಿಲ್ಲದ ಮಿಡಿತ. ಹುಲ್ಲು ತಂತಿಗೆ ತಾಗಿದರೆ ವೋಲ್ಟೇಜು ಸೋರುತ್ತದೆ, ಒಣನೆಲದಲ್ಲಿ ಅರ್ಥಿಂಗ್ ಕೈಕೊಡುತ್ತದೆ, ಬೇಲಿ ಸೋಲುವುದು ಹೆಚ್ಚಾಗಿ ಈ ಎರಡು ಕಾರಣಕ್ಕೆ. ಹಗ್ಗಕ್ಕೆ ಅರ್ಧ ಮೀಟರಿಗೊಂದರಂತೆ ಕೆಂಪು ಬಟ್ಟೆಯ ಪಟ್ಟಿ ಕಟ್ಟಿ ಸುತ್ತ ಎಳೆದರೂ ತೋಳ ಕೆಲಕಾಲ ದಾಟುವುದಿಲ್ಲ. ಎರಡು ತಿಂಗಳಿಗೆ ಅದರ ಭಯ ತೀರುತ್ತದೆ, ಮರಿ ಹಾಕುವ ಕಾಲಕ್ಕೆ ಮಾತ್ರ ಬಳಸಿ. ವಿಷ ಇಡುವುದಕ್ಕೆ ಯಾವ ರೂಪದಲ್ಲೂ ಅನುಮತಿ ಬೇಡ. ವಿಷವಿಟ್ಟ ಕಳೇಬರಕ್ಕೆ ಬಾಯಿ ಹಾಕುವ ಮೊದಲಿಗರಲ್ಲಿ ನೀವೇ ಕೊಟ್ಟ ಕಾವಲು ನಾಯಿಯೂ ಇರುತ್ತದೆ, ಜೊತೆಗೆ ರಣಹದ್ದುಗಳು.

ಬೆಟ್ಟದಲ್ಲಿ ನಡೆಯುವವರಿಗೆ ಫಲಕ ಹಾಕಿಸಿ: ಹಿಂಡನ್ನು ಬಳಸಿ ಹೋಗಿ, ಸೈಕಲ್ಲಿನಿಂದ ಇಳಿಯಿರಿ, ನಾಯಿ ಬೊಗಳುತ್ತ ಬಂದರೆ ನಿಂತು ಮೆಲ್ಲಗೆ ಮಾತಾಡಿ, ಕಣ್ಣಲ್ಲಿ ಕಣ್ಣಿಡಬೇಡಿ, ಕೋಲೆತ್ತಬೇಡಿ, ತಿನಿಸು ಕೊಡಬೇಡಿ, ನಿಮ್ಮ ಸಾಕುನಾಯಿಯನ್ನು ಹಗ್ಗದಲ್ಲಿಡಿ.

ನಮ್ಮ ಕೋರಿಕೆಗಳು ಕೆಲವೇ. ದುಡಿಯುವ ತಂದೆತಾಯಿಗಳ ಮರಿಯನ್ನೇ ಖರೀದಿಸಿ. ಮರಿ ತಲುಪುವ ಮುನ್ನ ಕಿಂಡಿಯುಳ್ಳ ಆವರಣ ಸಿದ್ಧವಿದೆಯೇ ಎಂದು ನೋಡಿಬನ್ನಿ. ಪ್ರತಿ ಹತ್ತಿಪ್ಪತ್ತು ಹಿಂಡಿಗೆ, ನಾಯಿ ಬೆಳೆಸಿ ಗೊತ್ತಿರುವ ಒಬ್ಬ ಕುರಿಗಾಹಿಗೇ ಸಂಬಳ ಕೊಟ್ಟು ಹದಿಹರೆಯದ ತಿಂಗಳುಗಳಲ್ಲಿ ತಿರುಗಾಡಿಸಿ. ತೋಳದಿಂದ ಸತ್ತ ಕಾವಲು ನಾಯಿಗೂ ಪರಿಹಾರ ಕೊಡಿ. ಹಳೆಯ ನಾಯಿಗೆ ಐದಾರು ವರ್ಷವಾಗುವಾಗಲೇ ಅದರ ಕೈಕೆಳಗೆ ಹೊಸ ಮರಿ ಬರಲಿ, ಅದು ಸತ್ತ ಮೇಲಲ್ಲ. ವಿತರಣೆಯ ನಮೂನೆಗೆ 4, 12, 24 ತಿಂಗಳ ಮೂರು ಕಾಲಮ್ಮು ಸೇರಿಸಿ, ಪ್ರತಿಯೊಂದರಲ್ಲೂ ಒಂದೇ ಪ್ರಶ್ನೆ ಇರಲಿ: ಈ ನಾಯಿ ರಾತ್ರಿ ಎಲ್ಲಿ ಮಲಗುತ್ತದೆ? ಉತ್ತರ ಬರೆಯುವವರು ಕತ್ತಲಾದ ಮೇಲೆ ಹೋಗಿ ನೋಡಿ ಬರೆಯಲಿ.

ಇಂತಿ,
ಹಿಂಡು ಕಾಯುವ ನಾಯಿಗಳನ್ನು ಬೆಳೆಸುವವರು